ನಾಲೆಯ ನೀರಿಗೆ ಯಾವ ನೇಯ್ಗೆ? ಅಮೂರ್ತ ಟ್ಯಾಪೆಸ್ಟ್ರಿಯಲ್ಲಿ ಬಣ್ಣ ಮತ್ತು ಚಲನೆ ಆರಿಸುವ ಬಗೆ

ಟ್ಯಾಪೆಸ್ಟ್ರಿ, ಅಂದರೆ ಗೋಡೆಗೆ ತೂಗುಹಾಕುವ ಚಿತ್ರದ ನೇಯ್ಗೆ, ನೇಯಲು ಹೊರಟವರು ಸಾಮಾನ್ಯವಾಗಿ ಮೊದಲು ಬಣ್ಣದ ನೂಲು ಕೊಂಡು ತರುತ್ತಾರೆ. ಆಮೇಲೆ ಚಿತ್ರ ಬರೆಯುತ್ತಾರೆ, ಕೊನೆಗೆ ಅದನ್ನು ಹೇಗೆ ನೇಯುವುದು ಎಂದು ಯೋಚಿಸುತ್ತಾರೆ. ಈ ಕ್ರಮವನ್ನು ತಿರುವಿಹಾಕಬೇಕು. ಚಲನೆ ಯಾವ ದಿಕ್ಕಿಗೆ ಎಂದು ಮೊದಲು ತೀರ್ಮಾನಿಸಿ. ಆ ದಿಕ್ಕಿಗೆ ಒಗ್ಗುವ ನೇಯ್ಗೆ ಆರಿಸಿ. ಆಮೇಲೆ ತಿಳಿ-ಗಾಢಗಳ ಮೆಟ್ಟಿಲು ಹಾಕಿಕೊಳ್ಳಿ. ಹಸಿರೋ ಕೆಂಪೋ ಎಂಬ ಪ್ರಶ್ನೆ ಕೊನೆಗಿರಲಿ.

ಇದಕ್ಕೆ ಕಾರಣ ನೇಯ್ಗೆಯ ರಚನೆಯಲ್ಲೇ ಇದೆ. ಕುಂಚ ಯಾವ ದಿಕ್ಕಿಗೆ ಬೇಕಾದರೂ ಓಡುತ್ತದೆ, ಹೊಕ್ಕು (ಅಡ್ಡ ಹೋಗುವ ನೂಲು) ಹಾಗೆ ಓಡುವುದಿಲ್ಲ. ಟ್ಯಾಪೆಸ್ಟ್ರಿಯಲ್ಲಿ ಹಾಸು (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು) ಪೂರ್ತಿ ಮುಚ್ಚಿಹೋಗುತ್ತದೆ, ಕಣ್ಣಿಗೆ ಕಾಣುವುದೆಲ್ಲ ಹೊಕ್ಕು. ಸೀರೆಯಲ್ಲಿ ಲಾಳಿ ಈ ಅಂಚಿನಿಂದ ಆ ಅಂಚಿಗೆ ಹೋದರೆ, ಇಲ್ಲಿ ಪ್ರತಿ ಬಣ್ಣದ ಹೊಕ್ಕೂ ತನ್ನ ಜಾಗದಷ್ಟೇ ಅಡ್ಡ ಹೋಗಿ ಹಿಂದಿರುಗುತ್ತದೆ. ಆದ್ದರಿಂದ ಬಣ್ಣ ಎಲ್ಲಿ ತಿರುಗುತ್ತದೆ, ಎಷ್ಟು ಸಾಲಿಗೊಮ್ಮೆ ತಿರುಗುತ್ತದೆ ಎಂಬುದೇ ಚಲನೆಯಾಗಿ ಕಾಣುತ್ತದೆ.

ಆಯ್ಕೆಗಳನ್ನು ತೂಗಿ ನೋಡಲು ಒಂದೇ ವಸ್ತುವನ್ನು ಉದ್ದಕ್ಕೂ ಹಿಡಿದುಕೊಳ್ಳೋಣ: ಮಂಡ್ಯದ ಗದ್ದೆಗಳ ನಡುವೆ ಹರಿಯುವ ವಿಶ್ವೇಶ್ವರಯ್ಯ ನಾಲೆ. ಮರ, ಮನೆ, ದನ, ಆಳು ಯಾವುದೂ ಬೇಡ. ನೀರಿನ ಸೆಳೆತ, ಏರಿಯ ಕೆಮ್ಮಣ್ಣು, ನಾಟಿಯಿಂದ ಕೊಯ್ಲಿನವರೆಗೆ ಬದಲಾಗುವ ಭತ್ತದ ಹಸಿರು, ಇಷ್ಟೇ ಸಾಕು. ಅಳತೆ 45 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರ. ಸೆಂಟಿಮೀಟರಿಗೆ 3 ಹಾಸಿನ ಎಳೆ, ಅಂದರೆ ಇಂಚಿಗೆ ಎಂಟರ ಹತ್ತಿರ. ಒಟ್ಟು 135 ಎಳೆ.

ನೆಟ್ಟಗೆ ನೇಯುವುದೋ, ಮಲಗಿಸಿ ನೇಯುವುದೋ

ಮೊದಲ ಆಯ್ಕೆ ಇದೇ. ಬಹುತೇಕರು ಇದನ್ನು ಆಯ್ಕೆ ಎಂದು ಗಮನಿಸುವುದೇ ಇಲ್ಲ. ಚಿತ್ರ ಗೋಡೆಯ ಮೇಲೆ ಹೇಗೆ ನಿಲ್ಲುತ್ತದೋ ಹಾಗೆಯೇ ಮಗ್ಗದಲ್ಲೂ ಇದ್ದರೆ ಹಾಸು ಲಂಬವಾಗಿರುತ್ತದೆ. ಚಿತ್ರವನ್ನು 90 ಡಿಗ್ರಿ ತಿರುಗಿಸಿ ನೇಯ್ದು ಆಮೇಲೆ ನೆಟ್ಟಗೆ ತೂಗುಹಾಕಿದರೆ ಹಾಸು ಅಡ್ಡಲಾಗುತ್ತದೆ. ಯುರೋಪಿನ ಹಳೆಯ ದೊಡ್ಡ ಟ್ಯಾಪೆಸ್ಟ್ರಿಗಳಲ್ಲಿ ಹೆಚ್ಚಿನವನ್ನು ಹೀಗೆ ಮಲಗಿಸಿಯೇ ನೇಯ್ದಿದ್ದಾರೆ. ನಿಂತ ಆಕೃತಿಗಳ, ಉಡುಪಿನ ಮಡಿಕೆಗಳ ಲಂಬ ಗೆರೆಗಳು ಆಗ ಮಗ್ಗದಲ್ಲಿ ಅಡ್ಡ ಗೆರೆಗಳಾಗುತ್ತವೆ, ಅಡ್ಡ ಗೆರೆ ನೇಯುವುದು ಅತ್ಯಂತ ಸುಲಭ.

ನಿಯಮ ಸರಳ: ನಿಮ್ಮ ಚಿತ್ರದಲ್ಲಿ ಉದ್ದವಾಗಿ, ಎಡೆಬಿಡದೆ ಓಡುವ ಗೆರೆಗಳು ಯಾವ ದಿಕ್ಕಿಗಿವೆಯೋ ಆ ದಿಕ್ಕಿಗೆ ಹೊಕ್ಕು ಬರುವಂತೆ ಮಗ್ಗಕ್ಕೇರಿಸಿ. ನಾಲೆ ಎಡದಿಂದ ಬಲಕ್ಕೆ ಹರಿಯುವುದಾದರೆ ನೆಟ್ಟಗೆ ನೇಯಿರಿ. ಮೇಲಿನಿಂದ ಕೆಳಕ್ಕೆ ಇಳಿಯುವುದಾದರೆ ಮಲಗಿಸಿ.

ಮಲಗಿಸಿದ್ದಕ್ಕೆ ಬೆಲೆಯೂ ಇದೆ. ತೂಗುಹಾಕಿದಾಗ ಭಾರವನ್ನೆಲ್ಲ ಹೊಕ್ಕು ಹೊರಬೇಕು. ಎರಡು ಬಣ್ಣಗಳ ನಡುವೆ ಹೊಲಿಯದೆ ಬಿಟ್ಟ ಸೀಳುಗಳು ಬಾಯಿ ಬಿಡುತ್ತವೆ, ತುಂಡು ವರ್ಷಗಳಲ್ಲಿ ಜೋತು ಬೀಳುತ್ತದೆ. ಮಲಗಿಸಿ ನೇಯ್ದ ತುಂಡಿನಲ್ಲಿ ಸೀಳುಗಳನ್ನೆಲ್ಲ ಹೊಲಿಯಲೇಬೇಕು. ಬೆಳಕಿನ ವ್ಯತ್ಯಾಸವೂ ಉಂಟು: ಹಾಸಿನ ಮೇಲೆ ಹೊಕ್ಕು ಕವಿದು ಸಣ್ಣ ಏಣುಗಳಾಗುತ್ತವೆ. ಏಣು ಲಂಬವಾಗಿದ್ದರೆ ಪಕ್ಕದ ಕಿಟಕಿಯ ಬೆಳಕಿಗೆ ನೆರಳು ಬಿಡುತ್ತದೆ, ಅಡ್ಡಲಾಗಿದ್ದರೆ ಮೇಲಿನ ದೀಪಕ್ಕೆ ಬಿಡುತ್ತದೆ. ತೂಗುಹಾಕುವ ಗೋಡೆ ಗೊತ್ತಿದ್ದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಚಲನೆ ಕೊಡುವ ನೇಯ್ಗೆಗಳು

ಹಲ್ಲು ಕಚ್ಚಿಸುವುದು. ಫ್ರಾನ್ಸಿನ ನೇಕಾರರು ಇದನ್ನು ಹಾಶೂರ್ ಎನ್ನುತ್ತಾರೆ. ಅಮೂರ್ತ ಕೃತಿಗೆ ಒಂದೇ ತಂತ್ರ ಕಲಿಯುವುದಿದ್ದರೆ ಇದನ್ನೇ ಕಲಿಯಿರಿ. ಗಾಢ ನೀಲಿ ಎಡದಿಂದ ಬರುತ್ತದೆ, ತಿಳಿ ನೀಲಿ ಬಲದಿಂದ. ಮೊದಲ ಸುತ್ತಿನಲ್ಲಿ (ಹೋಗಿ ಬರುವ ಎರಡು ಹೊಕ್ಕು ಸೇರಿ ಒಂದು ಸುತ್ತು) ಗಾಢ 20ನೇ ಎಳೆಯವರೆಗೆ ಹೋಗಿ ತಿರುಗಿತು, ತಿಳಿ 21ರವರೆಗೆ ಬಂದು ತಿರುಗಿತು. ಎರಡನೇ ಸುತ್ತಿನಲ್ಲಿ ಗಾಢ 12ಕ್ಕೇ ತಿರುಗಿದರೆ ತಿಳಿ 13ರವರೆಗೆ ನುಗ್ಗುತ್ತದೆ. ಮೂರನೆಯದರಲ್ಲಿ ಗಾಢ 26ಕ್ಕೆ. ಹೀಗೆ ಎರಡು ಬಣ್ಣಗಳು ಒಂದರೊಳಗೊಂದು ಚೂಪಾದ ನಾಲಗೆಗಳಾಗಿ ಸೇರುತ್ತವೆ. ದೂರದಿಂದ ನಡುವಣ ಛಾಯೆಯೊಂದು ಕಾಣುತ್ತದೆ, ಹತ್ತಿರ ಬಂದರೆ ಚೂಪು ತುದಿಗಳು ಕಣ್ಣನ್ನು ಒಂದು ಕಡೆಗೆ ಎಳೆಯುತ್ತವೆ.

ವೇಗ ಇರುವುದು ಹಲ್ಲಿನ ಉದ್ದದಲ್ಲಿ. 8ರಿಂದ 10 ಸೆಂ.ಮೀ. ಉದ್ದದ ಹಲ್ಲುಗಳು ತುಂಬಿದ ನಾಲೆಯ ನಿಧಾನದ ಹರಿವು ಕೊಡುತ್ತವೆ. 2-3 ಸೆಂ.ಮೀ. ಹಲ್ಲುಗಳು ತೂಬಿನ ಬಾಯಿಯ ನೊರೆಯಂತೆ ಚಡಪಡಿಸುತ್ತವೆ. ಎಲ್ಲ ಹಲ್ಲೂ ಒಂದೇ ಅಳತೆಯಾದರೆ ಚಲನೆ ಸತ್ತು ಬರೀ ಅಂಚಿನ ಅಲಂಕಾರ ಉಳಿಯುತ್ತದೆ. ಒಂದೇ ಉದ್ದವನ್ನು ಎರಡು ಸಲಕ್ಕಿಂತ ಹೆಚ್ಚು ಪಕ್ಕಪಕ್ಕ ಬಳಸಬೇಡಿ.

ಇಲ್ಲಿ ಎಡವುವುದು ಒಂದೇ ಕಡೆ. ಪಕ್ಕಪಕ್ಕದ ಎರಡು ಹೊಕ್ಕು ಒಂದೇ ಸಾಲಿನಲ್ಲಿ ಎದುರುಬದುರಾಗಿ ಬಂದು ಕೂಡಬೇಕು, ಮುಂದಿನ ಸಾಲಿನಲ್ಲಿ ಬೆನ್ನು ಮಾಡಿ ಅಗಲಬೇಕು. ಎರಡೂ ಒಂದೇ ದಿಕ್ಕಿಗೆ ಹೊರಟರೆ, ಗಡಿ ಸರಿದ ಕಡೆಯೆಲ್ಲ ಒಂದೇ ಎಳೆಯ ಮೇಲೆ ಎರಡು ಹೊಕ್ಕು ಒಟ್ಟಿಗೆ ಬಿದ್ದು ಉದ್ದನೆಯ ಚುಕ್ಕೆ ಕಾಣುತ್ತದೆ. ಹೊಸಬರಿಗೆ ಇದು ಆಗುವುದು ನಡುವೆ ಮೂರನೇ ಬಣ್ಣ ಸೇರಿಸಿದಾಗ. ಎರಡು ಹೊಕ್ಕಿನ ನಡುವೆ ಒಂದನ್ನು ತೂರಿಸಿದರೆ ದಿಕ್ಕಿನ ಸರದಿ ತಪ್ಪುತ್ತದೆ. ಹೊಸ ಬಣ್ಣವನ್ನು ಎರಡು ಕಂಡಿಕೆಗಳಲ್ಲಿ (ಹೊಕ್ಕಿನ ನೂಲು ಸುತ್ತಿದ ಉರುಳೆಗಳಲ್ಲಿ) ಸೇರಿಸಿ, ಇಲ್ಲವೆ ಪಕ್ಕದ ಬಣ್ಣವನ್ನು ಅಲ್ಲೇ ಕತ್ತರಿಸಿ ಎದುರು ದಿಕ್ಕಿನಿಂದ ಮತ್ತೆ ಶುರುಮಾಡಿ. ಆಗ ಸರದಿ ಕೂಡುತ್ತದೆ.

ಒಂದಕ್ಕೊಂದು ಹೊಕ್ಕು. ಒಂದು ಹೊಕ್ಕು ಗಾಢ, ಒಂದು ಹೊಕ್ಕು ತಿಳಿ. ಗಾಢ ಬೆಸ ಎಳೆಗಳ ಮೇಲೇ ಬೀಳುತ್ತದೆ, ತಿಳಿ ಸಮ ಎಳೆಗಳ ಮೇಲೆ, ಹಾಗಾಗಿ ಹಾಸಿನ ದಿಕ್ಕಿಗೆ ಸಣ್ಣ ಪಟ್ಟೆಗಳು ಏಳುತ್ತವೆ. ಹೊಕ್ಕಿನ ದಿಕ್ಕನ್ನು ಮೀರಿದ ಚಲನೆ ಬೇಕಾದಾಗ ಇದೇ ಗತಿ. ನಾಲೆ ಅಡ್ಡ ಹರಿಯುತ್ತಿದ್ದರೆ ಪಕ್ಕದ ಭತ್ತದ ಪೈರನ್ನು ಹೀಗೆ ನಿಲ್ಲಿಸಬಹುದು. ಒಂದೇ ಬಣ್ಣದ ಎರಡು ಹೊಕ್ಕು ಒಟ್ಟಿಗೆ ಹಾಕಿದರೆ ಪಟ್ಟೆಗಳು ಒಂದು ಎಳೆ ಪಕ್ಕಕ್ಕೆ ಜಿಗಿಯುತ್ತವೆ, ಗಾಳಿಗೆ ಪೈರು ಓಲಾಡಿದ ಹಾಗೆ ಕಾಣುತ್ತದೆ. ಅಂಚಿನಲ್ಲಿ ಮಾತ್ರ ಎಚ್ಚರ: ಎರಡು ನೂಲುಗಳು ಅಂಚಿನ ಎಳೆಯ ಬಳಿ ಒಂದಕ್ಕೊಂದು ಸುತ್ತಿಕೊಳ್ಳದಿದ್ದರೆ ಕೊನೆಯ ಎಳೆ ಬರಿದಾಗಿ ಉಳಿಯುತ್ತದೆ.

ಇದರ ತಂಗಿಯಂತಿರುವುದು ಎರಡಕ್ಕೆರಡು: ಎರಡು ಹೊಕ್ಕು ಗಾಢ, ಎರಡು ತಿಳಿ. ಇದರಲ್ಲಿ ಸಣ್ಣಗೆ ಅಲೆಯುವ ಅಡ್ಡ ಗೆರೆಗಳು ಬರುತ್ತವೆ. ಇವೆರಡರ ನಡುವೆ ಆರಿಸುವಾಗ ನೋಡುವ ದೂರವನ್ನು ಲೆಕ್ಕ ಹಾಕಿ. ನಮ್ಮ ಅಳತೆಯಲ್ಲಿ ಒಂದಕ್ಕೊಂದರ ಪಟ್ಟೆ 3 ಮಿ.ಮೀ.ಗಿಂತ ಅಗಲ, ಹಜಾರದ ಆ ತುದಿಯಿಂದಲೂ ಪಟ್ಟೆಯಾಗಿಯೇ ಕಾಣುತ್ತದೆ. ಎರಡಕ್ಕೆರಡರ ಗೆರೆ ಸುಮಾರು 1 ಮಿ.ಮೀ., ಮೂರು-ನಾಲ್ಕು ಮೀಟರ್ ದಾಟಿದರೆ ಕಣ್ಣಲ್ಲಿ ಬೆರೆತು ಒಂದೇ ಬಣ್ಣವಾಗುತ್ತದೆ.

ಮೆಟ್ಟಿಲು ಮತ್ತು ಸೀಳು. ಓರೆ ಅಂಚು ಬೇಕೆಂದರೆ ಬಣ್ಣದ ಗಡಿಯನ್ನು ಎಳೆ ಎಳೆಯಾಗಿ ಸರಿಸಬೇಕು. ಓರೆಯ ಕೋನವನ್ನು ಅಂದಾಜಿಗೆ ಬಿಡಬೇಡಿ, ಲೆಕ್ಕ ಮಾಡಿ. ಸೆಂಟಿಮೀಟರಿಗೆ 3 ಎಳೆ ಇದ್ದು 18 ಹೊಕ್ಕು, ಅಂದರೆ 9 ಸುತ್ತು, ಕೂರುತ್ತವೆ ಎನ್ನಿ. ಮೂರು ಸುತ್ತಿಗೆ ಒಂದು ಎಳೆ ಸರಿದರೆ ಸರಿಯಾಗಿ 45 ಡಿಗ್ರಿ. ಪ್ರತಿ ಸುತ್ತಿಗೂ ಒಂದು ಎಳೆ ಸರಿದರೆ ಸುಮಾರು 18 ಡಿಗ್ರಿಯ ತಗ್ಗು ಓರೆ, ಪ್ರತಿ ಸುತ್ತಿಗೆ ಎರಡು ಎಳೆಯಾದರೆ 9-10 ಡಿಗ್ರಿ. ಆರು ಸುತ್ತಿಗೆ ಒಂದು ಎಳೆಯಾದರೆ 63 ಡಿಗ್ರಿಯ ಕಡಿದು. ನಿಮ್ಮ ನೂಲಿಗೆ ಸೆಂಟಿಮೀಟರಿಗೆ ಎಷ್ಟು ಹೊಕ್ಕು ಕೂರುತ್ತದೆಂದು ಮಾದರಿ ನೇಯ್ದು ಎಣಿಸಿ, ಇದೇ ಲೆಕ್ಕ ಹಾಕಿ. ಕೋನ ನಡುದಾರಿಯಲ್ಲಿ ಬದಲಾದರೆ ಗೆರೆ ಬಾಗಿದಂತೆ ಕಾಣುತ್ತದೆ. 18ರಿಂದ 45ಕ್ಕೆ ಏರಿ ಮತ್ತೆ 18ಕ್ಕೆ ಇಳಿದರೆ ನಾಲೆಯ ತಿರುವು ಸಿದ್ಧ, ಒಂದು ಹೊಕ್ಕನ್ನೂ ಬಗ್ಗಿಸದೆ.

ಗಡಿ ಲಂಬವಾದಾಗ ಎರಡು ಬಣ್ಣಗಳ ನಡುವೆ ಸೀಳು ಬೀಳುತ್ತದೆ. ಬಿಡಬಹುದು, ಹೊಲಿಯಬಹುದು, ಇಲ್ಲವೆ ಎರಡು ನೂಲನ್ನು ಕೊಂಡಿ ಹಾಕಬಹುದು. ಸೀಳು ಬಿಟ್ಟರೆ ಅಲ್ಲೊಂದು ನೆರಳಿನ ಗೆರೆ ಸಿಗುತ್ತದೆ, ಬಣ್ಣದಿಂದ ಹುಟ್ಟದ ಕಪ್ಪು ಗೆರೆ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಗುಂಟಾ ಸ್ಟೋಲ್ಟ್ಸಲ್ 1927-28ರಲ್ಲಿ ನೇಯ್ದ ಕೆಂಪು-ಹಸಿರು ಸೀಳು ಟ್ಯಾಪೆಸ್ಟ್ರಿಯ ಚಿತ್ರ ಸಿಕ್ಕರೆ ನೋಡಿ, ಅಂಚುಗಳಿಂದಲೇ ಎಷ್ಟು ಚಲನೆ ಹುಟ್ಟಿಸಬಹುದು ಎಂಬುದಕ್ಕೆ ಅದು ಪಾಠ. ಒಂದು ಸೆಂ.ಮೀ.ಗಿಂತ ಉದ್ದದ ಸೀಳನ್ನು ಸಣ್ಣ ಹತ್ತಿ ದಾರದಿಂದ ಹಿಂಬದಿ ಹೊಲಿಯಿರಿ, ಮಗ್ಗದ ಮೇಲಿರುವಾಗಲೇ. ಇಳಿಸಿದ ಮೇಲೆ ಹೊಲಿದರೆ ಸೊಟ್ಟಗಾಗುತ್ತದೆ. ಒಂದೇ ಎಳೆಯನ್ನು ಎರಡು ಬಣ್ಣ ಹಂಚಿಕೊಳ್ಳುವ ಜೋಡಣೆ ಬೇಗ ಸಾಗುತ್ತದಾದರೂ ಆ ಎಳೆಯ ಮೇಲೆ ನೂಲು ಇಮ್ಮಡಿಯಾಗಿ ಉಬ್ಬುತ್ತದೆ, ಅಂಚು ಗರಗಸವಾಗುತ್ತದೆ. ನೀರಿನ ಅಂಚಿಗೆ ಅದು ಒಪ್ಪುತ್ತದೆ, ಏರಿಯ ನೇರ ಗೆರೆಗೆ ಒಪ್ಪುವುದಿಲ್ಲ.

ಬಾಗಿದ ಹೊಕ್ಕು. ಹೊಕ್ಕನ್ನು ಹಾಸಿನ ಎಳೆಗಳಿಗೆ ಅಡ್ಡಲಾಗಿ ಹಾಕದೆ ಗುಡ್ಡ ಹತ್ತಿಸಿ ಇಳಿಸುವುದು. ನೋಡಿದ ತಕ್ಷಣ ಎಲ್ಲರಿಗೂ ಇದೇ ಬೇಕೆನಿಸುತ್ತದೆ. ಅಲೆ ಬೇಕಲ್ಲ, ಅಲೆಯಂತೆಯೇ ನೇಯೋಣ ಎಂದು. ಮೊದಲ ಕೃತಿಗೆ ಇದು ಬೇಡ. ಓರೆಯಾಗಿ ಹೋದ ಹೊಕ್ಕು ಹಾಸಿನ ಎಳೆಗಳನ್ನು ಪಕ್ಕಕ್ಕೆ ದೂಡುತ್ತದೆ. ಒಂದು ಕಡೆ ಎಳೆಗಳು ಗುಂಪಾಗಿ ಇನ್ನೊಂದು ಕಡೆ ಚೆದುರುತ್ತವೆ, ತುಂಡು ಮಗ್ಗದಿಂದ ಇಳಿದ ಮೇಲೆ ಹಪ್ಪಳದಂತೆ ಉಬ್ಬುತ್ತದೆ. ಬಳಸಲೇಬೇಕೆಂದಿದ್ದರೆ ಮೂರು ಕಟ್ಟಳೆ: ಓರೆ 45 ಡಿಗ್ರಿ ಮೀರಬಾರದು, ಬಾಗಿದ ಸಾಲುಗಳು ಒಂದು ಜಾಗದಲ್ಲಿ 1 ಸೆಂ.ಮೀ. ದಪ್ಪ ದಾಟಬಾರದು, ಮೇಲಿನ ತಗ್ಗನ್ನು ಕೂಡಲೇ ನೇರ ಹೊಕ್ಕಿನಿಂದ ತುಂಬಿ ಸಮ ಮಾಡಬೇಕು. ನೂಲನ್ನೂ ಹೆಚ್ಚು ಸಡಿಲ ಬಿಡಿ.

ಎಳೆ ಬೆರೆಸುವುದು. ಹೊಕ್ಕನ್ನು ಒಂದೇ ದಪ್ಪ ನೂಲಿನಿಂದ ಮಾಡದೆ ನಾಲ್ಕು ಸಣ್ಣ ಎಳೆ ಸೇರಿಸಿ ಮಾಡಿ. ನಾಲ್ಕೂ ನೀಲಿ, ಮೂರು ನೀಲಿ ಒಂದು ಹಸಿರು, ಎರಡು-ಎರಡು, ಒಂದು-ಮೂರು, ನಾಲ್ಕೂ ಹಸಿರು. ಎರಡು ಬಣ್ಣ ಕೊಂಡು ಐದು ಪಡೆದಂತಾಯಿತು. ಮಂಜಿನಂತೆ ನಿಧಾನ ಕರಗುವ ಬದಲಾವಣೆಗೆ ಇದನ್ನು ಮೀರಿದ ತಂತ್ರ ಇಲ್ಲ. ಆದರೆ ಇದರಲ್ಲಿ ದಿಕ್ಕಿಲ್ಲ, ಹಲ್ಲಿನಂತೆ ಕಣ್ಣನ್ನು ಎಳೆಯುವುದಿಲ್ಲ. ಗದ್ದೆಯ ಹಿನ್ನೆಲೆಗೆ ಬೆರೆಕೆ, ನೀರಿಗೆ ಹಲ್ಲು ಎಂದು ಹಂಚಿದರೆ ಚಲಿಸುವುದು ಯಾವುದು, ನಿಂತಿರುವುದು ಯಾವುದು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಎಲ್ಲ ಕಡೆಗೂ ಒಂದೇ ತಂತ್ರ ಬಳಸಿದರೆ ಎಲ್ಲವೂ ಓಡುತ್ತದೆ, ಆಗ ಯಾವುದೂ ಓಡಿದಂತೆ ಕಾಣುವುದಿಲ್ಲ.

ತಿಳಿ-ಗಾಢ ಮೊದಲು, ಬಣ್ಣ ಆಮೇಲೆ

ಪ್ಯಾರಿಸ್ಸಿನ ಗೋಬ್ಲಿನ್ ಟ್ಯಾಪೆಸ್ಟ್ರಿ ಕಾರ್ಖಾನೆಯ ಬಣ್ಣದ ವಿಭಾಗವನ್ನು 1824ರಲ್ಲಿ ವಹಿಸಿಕೊಂಡ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಾಲ್ ಅವರಿಗೆ ಒಂದು ದೂರು ಬಂತು: ಇಲ್ಲಿನ ಕಪ್ಪು ಬಣ್ಣದಲ್ಲಿ ಗಾಢತೆ ಇಲ್ಲ. ಅವರು ಬೇರೆ ಕಡೆಯ ಕಪ್ಪು ನೂಲು ತರಿಸಿ ಹೋಲಿಸಿದರು. ಬಣ್ಣದಲ್ಲಿ ದೋಷವಿರಲಿಲ್ಲ. ನೀಲಿ, ನೇರಳೆಯ ಪಕ್ಕದಲ್ಲಿ ಇಟ್ಟಿದ್ದರಿಂದ ಕಪ್ಪು ಸೊರಗಿ ಕಾಣುತ್ತಿತ್ತು. ಪಕ್ಕದ ಬಣ್ಣ ಈ ಬಣ್ಣವನ್ನು ಹೇಗೆ ಬದಲಿಸುತ್ತದೆ ಎಂಬ ಅವರ ಗ್ರಂಥ 1839ರಲ್ಲಿ ಬಂತು, ಆಮೇಲಿನ ಚಿತ್ರಕಾರರೂ ಅದನ್ನು ಓದಿದರು. ನೇಯುವವರಿಗೆ ಅದರಿಂದ ದಕ್ಕುವುದು ಇಷ್ಟು: ನೂಲಿನ ಲಡಿಯನ್ನು ಒಂಟಿಯಾಗಿ ನೋಡಿ ಬಣ್ಣ ಆರಿಸಬೇಡಿ. ರಟ್ಟಿನ ತುಂಡಿಗೆ ಪಕ್ಕಪಕ್ಕ ಬರುವ ಬಣ್ಣಗಳನ್ನು ಬರುವ ಪ್ರಮಾಣದಲ್ಲೇ ಸುತ್ತಿ, ಗೋಡೆಗೆ ಒರಗಿಸಿ, ಹಗಲಿನಲ್ಲೊಮ್ಮೆ ರಾತ್ರಿ ದೀಪದಲ್ಲೊಮ್ಮೆ ನೋಡಿ.

ಚಲನೆಗೆ ಬೇಕಾದ್ದು ತಿಳಿ-ಗಾಢಗಳ ಅಂತರ. ಸುತ್ತಿದ ರಟ್ಟನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಗದ್ದೆಯ ಹಸಿರು, ಏರಿಯ ಕೆಮ್ಮಣ್ಣು, ನೀರಿನ ನೀಲಿ ಮೂರೂ ಒಂದೇ ಬೂದಿಯಾಗಿ ಬಂದರೆ, ಬಣ್ಣಗಳು ಎಷ್ಟೇ ಚೆಂದವಿದ್ದರೂ ನೀರು ಹರಿಯುವುದಿಲ್ಲ. ಐದು ಮೆಟ್ಟಿಲಾದರೂ ಬೇರೆಬೇರೆ ಕಾಣಬೇಕು.

ಹೊಸಬರ ಕೈಗೆ ಕೆಡುವ ಜೋಡಿ ಕೆಂಪು ಮತ್ತು ಹಸಿರು. ಅಗಲ ಹರವಿನಲ್ಲಿ ಪಕ್ಕಪಕ್ಕ ಇಟ್ಟರೆ ಒಂದನ್ನೊಂದು ಬೆಳಗಿಸುತ್ತವೆ. ಅದೇ ಎರಡನ್ನು ಎರಡಕ್ಕೆರಡು ಹೊಕ್ಕಿನಲ್ಲೋ ಒಂದೇ ಎಳೆ ಬೆರೆಕೆಯಲ್ಲೋ ಹಾಕಿದರೆ ನಾಲ್ಕು ಮೀಟರ್ ದೂರದಿಂದ ಕೆಸರಿನ ಬಣ್ಣ. ವಿರುದ್ಧ ಬಣ್ಣಗಳಿಗೆ ಅಗಲ ಜಾಗ, ನೆರೆಯ ಬಣ್ಣಗಳಿಗೆ (ನೀಲಿ-ಹಸಿರು, ಕೆಂಪು-ಕೇಸರಿ) ಹಲ್ಲು ಮತ್ತು ಬೆರೆಕೆ ಎಂದು ನೆನಪಿಟ್ಟರೆ ಸಾಕು.

ಹೆಚ್ಚು ಬಣ್ಣವೋ ಕಡಿಮೆಯೋ? ಹತ್ತೊಂಬತ್ತನೇ ಶತಮಾನದ ಗೋಬ್ಲಿನ್ ನೇಕಾರರ ಬಳಿ ಸಾವಿರಾರು ಛಾಯೆಗಳಿದ್ದವು, ಎಣ್ಣೆಬಣ್ಣದ ಚಿತ್ರವನ್ನು ನಕಲು ಮಾಡುವುದೇ ಆಗಿನ ಗುರಿಯಾಗಿತ್ತು. ಇಪ್ಪತ್ತನೇ ಶತಮಾನದಲ್ಲಿ ಫ್ರಾನ್ಸಿನ ಝಾನ್ ಲ್ಯುರ್ಸಾ ಅದನ್ನು ಬಿಟ್ಟು, ದಪ್ಪ ನೂಲು, ಎಣಿಸಿದ ಕೆಲವೇ ಬಣ್ಣ, ಅಂಕಿ ಹಾಕಿದ ನಕ್ಷೆ ಎಂಬ ಶಿಸ್ತು ತಂದರು. 1962ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಟ್ಯಾಪೆಸ್ಟ್ರಿ ಬಿನಾಲೆಯ (ಎರಡು ವರ್ಷಕ್ಕೊಮ್ಮೆಯ ಪ್ರದರ್ಶನದ) ಹಿಂದೆಯೂ ಅವರಿದ್ದರು. ನಮ್ಮ ನಾಲೆಗೆ ಎರಡು ನೀಲಿ, ಮೂರು ಹಸಿರು, ಒಂದು ಕೆಮ್ಮಣ್ಣು, ಒಂದು ಬಿಳಿಗೆ ಹತ್ತಿರದ ಬೂದಿ, ಒಟ್ಟು ಏಳು ಸಾಕು. ಹನ್ನೆರಡು ದಾಟಿದರೆ ಕಂಡಿಕೆಗಳ ಜಡೆ ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ.

ನೂಲು: ಇಲ್ಲಿ ಸಿಗುವುದರಲ್ಲಿ ಯಾವುದು

ಮೈಸೂರಿನವರಿಗೆ ರೇಷ್ಮೆ ಕೈಗೆ ಹತ್ತಿರ, ಆದ್ದರಿಂದ ಮೊದಲು ಅದರ ಮಾತು. ಸೀರೆಗೆ ಬಳಸುವ 20/22 ಡೆನಿಯರ್ (ಎಳೆಯ ಸಣ್ಣತನದ ಅಳತೆ) ಕಚ್ಚಾ ರೇಷ್ಮೆ ಎಷ್ಟು ಸಣ್ಣದೆಂದರೆ, ನಮ್ಮ ಹೊಕ್ಕಿನ ದಪ್ಪಕ್ಕೆ ನೂರಕ್ಕೂ ಮೀರಿ ಎಳೆ ಸೇರಿಸಬೇಕು. ಕಚ್ಚಾ ರೇಷ್ಮೆಯ ಅಂಟು ತೆಗೆದರೆ ತೂಕದಲ್ಲಿ ಸುಮಾರು ಕಾಲುಭಾಗ ಹೋಗುತ್ತದೆ, ಅದನ್ನೂ ಬೆಲೆಗೆ ಸೇರಿಸಿಕೊಳ್ಳಿ. ಹುರಿ ಮಾಡಿದ ದಪ್ಪ ನೂಲು ಅಥವಾ ಸ್ಪನ್ ಸಿಲ್ಕ್ ಕೊಳ್ಳುವುದು ಜಾಣತನ. ಪೂರ್ತಿ ರೇಷ್ಮೆಯಲ್ಲಿ ಮೊದಲ ಕೃತಿ ನೇಯಬೇಡಿ. ಅದು ಜಾರುತ್ತದೆ, ಬಡಿದರೂ ಕೂರುವುದಿಲ್ಲ. ಹೊಳಪಿನಿಂದ ತಿಳಿ-ಗಾಢದ ಲೆಕ್ಕವೂ ತಪ್ಪುತ್ತದೆ, ಎಡದಿಂದ ತಿಳಿಯಾಗಿ ಕಂಡದ್ದು ಬಲದಿಂದ ಗಾಢವಾಗಿ ಕಾಣುತ್ತದೆ. ಆದರೆ ಇದೇ ಗುಣ ಉಣ್ಣೆಯ ನಡುವೆ ಮಿತವಾಗಿ ಬಂದರೆ ವರ. ನಾಲ್ಕು ಎಳೆಯಲ್ಲಿ ಒಂದು ರೇಷ್ಮೆ, ಅದೂ ನೀರಿನ ತಿಳಿ ಹಲ್ಲುಗಳಲ್ಲಿ ಮಾತ್ರ ಹಾಕಿದರೆ, ನೋಡುವವರು ನಡೆದಂತೆ ಮಿನುಗು ಜಾಗ ಬದಲಿಸುತ್ತದೆ. ಬಿಸಿಲಿಗೆ ರೇಷ್ಮೆ ಉಣ್ಣೆಗಿಂತ ಬೇಗ ಸೋಲುತ್ತದೆ, ಕಿಟಕಿಯ ಎದುರು ಗೋಡೆಗೆ ಬೇಡ.

ಉಣ್ಣೆಯೇ ಮುಖ್ಯ ನೂಲಾಗಲಿ. ಒತ್ತಿದರೆ ಒತ್ತಿಕೊಂಡು ಕೂರುತ್ತದೆ, ಹಾಸನ್ನು ಚೆನ್ನಾಗಿ ಮುಚ್ಚುತ್ತದೆ, ಬಣ್ಣ ಆಳಕ್ಕೆ ಕುಡಿಯುತ್ತದೆ. ಬನ್ನೂರು ಕುರಿ ಪಕ್ಕದಲ್ಲೇ ಇದೆಯಲ್ಲ ಎನ್ನುವವರಿಗೆ: ಮಂಡ್ಯ ತಳಿ ಎಂದೂ ಕರೆಯುವ ಅದು ಮಾಂಸಕ್ಕೆ ಹೆಸರಾದ ಕುರಿ. ಅದರ ಉಣ್ಣೆ ಒರಟು, ಕೂದಲೇ ಹೆಚ್ಚು, ಹೊಕ್ಕಿಗೆ ಆಗದು. ಕಂಬಳಿ ನೇಯುವ ಡೆಕ್ಕನಿ ಕುರಿಯ ಕೈನೂಲು ಬೇರೆ ಮಾತು. ಒರಟು ಹೌದು, ದಪ್ಪ ಸಮವಿಲ್ಲದಿರುವುದೂ ಹೌದು. ಆದರೆ ಅದರ ಸಹಜ ಕಪ್ಪು, ಕಂದು, ಬೂದಿಗಳಿಗೆ ಬಣ್ಣದ ಪಾತ್ರೆಯಲ್ಲಿ ಹುಟ್ಟದ ಜೀವವಿದೆ. ಏರಿಯ ಮಣ್ಣಿಗೆ, ನೆರಳಿಗೆ ಬಳಸಿ. ಹುಣಸೆಬೀಜದ ಗಂಜಿ ಹಾಕಿದ ನೂಲಾದರೆ ಮೊದಲು ಬಿಸಿನೀರಿನಲ್ಲಿ ನೆನೆಸಿ ತೊಳೆದುಕೊಳ್ಳಿ.

ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್. ಒಂದು ಎಳೆ ಸುಟ್ಟು ನೋಡಿ: ಉಣ್ಣೆ ಸುಟ್ಟ ಕೂದಲ ವಾಸನೆ ಬಿಟ್ಟು ಬೂದಿಯಾಗಿ ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಅಭ್ಯಾಸದ ತುಂಡಿಗೆ ಅಕ್ರಿಲಿಕ್ ಆಗುತ್ತದೆ. ಅದು ಪುಟಿಯುವುದರಿಂದ ಹೊಕ್ಕು ಗಟ್ಟಿಯಾಗಿ ಕೂರುವುದಿಲ್ಲ, ಮುಂದೆ ಹೇಳುವ ಬಣ್ಣದ ಪುಡಿಗಳನ್ನೂ ಹಿಡಿಯುವುದಿಲ್ಲ.

ಹಾಸಿನ ಎಳೆಗಳಿಗೆ ಹತ್ತಿ. ಹಲವು ಎಳೆ ಬಿಗಿಯಾಗಿ ಹುರಿ ಮಾಡಿದ, ಎಳೆದರೆ ಉದ್ದವಾಗದ ದಾರ. ನಮ್ಮ ಅಳತೆಗೆ ಎಳೆಗೊಂದು ಮೀಟರಿನಂತೆ 140 ಮೀಟರ್ ಇಟ್ಟುಕೊಳ್ಳಿ. ಹೊಕ್ಕಿನ ಉಣ್ಣೆ ಚದರ ಮೀಟರಿಗೆ ಒಂದು ಕೆಜಿ ಆಸುಪಾಸು ಬೇಕಾಗುತ್ತದೆ, ಈ ತುಂಡಿಗೆ 250-300 ಗ್ರಾಂ. ಏಳು ಬಣ್ಣಕ್ಕೆ ಹಂಚಿ, ಉಳಿಕೆಗೂ ಸೇರಿಸಿ 400 ಗ್ರಾಂ ಕೊಳ್ಳಿ. ನಿಖರ ಲೆಕ್ಕ ಬೇಕಾದರೆ 10×10 ಸೆಂ.ಮೀ. ಮಾದರಿ ನೇಯಲು ಹೋದ ನೂಲನ್ನು ತೂಗಿ 27ರಿಂದ ಗುಣಿಸಿ.

ಬಣ್ಣ ಹಾಕುವುದು: ಕೊಂಡದ್ದೋ, ಪುಡಿಯೋ, ಗಿಡಮೂಲಿಕೆಯೋ

ಕೊಂಡ ನೂಲಿನಲ್ಲಿ ತೊಂದರೆ ಒಂದೇ: ಒಂದು ನೀಲಿಯ ಐದು ಮೆಟ್ಟಿಲು ಸಿಗುವುದಿಲ್ಲ. ಮೆಟ್ಟಿಲೇ ಚಲನೆಯಾದ್ದರಿಂದ ಬಿಳಿ ಉಣ್ಣೆ ಕೊಂಡು ಆ್ಯಸಿಡ್ ಬಣ್ಣದ ಪುಡಿಯಲ್ಲಿ ನೀವೇ ಹಾಕಿಕೊಳ್ಳುವುದು ಮೇಲು.

10 ಗ್ರಾಂ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಒಂದು ಲೀಟರ್ ಮಾಡಿ. 20 ಗ್ರಾಂನ ಐದು ಲಡಿಗಳಿಗೆ ಈ ದ್ರಾವಣ 5, 10, 20, 40, 80 ಮಿ.ಲೀ. ಹಾಕಿ. ಪ್ರತಿ ಸಲ ಇಮ್ಮಡಿಸುವುದೇ ಗುಟ್ಟು. 20, 40, 60, 80 ಎಂದು ಸಮವಾಗಿ ಏರಿಸಿದರೆ ಗಾಢದ ಕಡೆಯ ಮೂರು ಲಡಿಗಳು ಒಂದೇ ಎಂಬಂತೆ ಕಾಣುತ್ತವೆ, ಏಕೆಂದರೆ ಕಣ್ಣು ಪಾಲನ್ನು ಗುರುತಿಸುತ್ತದೆ, ಕೂಡಿಸಿದ್ದನ್ನಲ್ಲ. ಲಡಿಗೆ 800 ಮಿ.ಲೀ. ನೀರು, 10 ಮಿ.ಲೀ. ಬಿಳಿ ವಿನೆಗರ್. ಲಡಿಯನ್ನು ಮೊದಲೇ ಅರ್ಧ ಗಂಟೆ ನೆನೆಸಿರಬೇಕು, ಇಲ್ಲದಿದ್ದರೆ ಮಚ್ಚೆ ಬೀಳುತ್ತದೆ. ಉಗುರುಬೆಚ್ಚಗಿನಿಂದ 85-90 ಡಿಗ್ರಿಗೆ ಮುಕ್ಕಾಲು ಗಂಟೆಯಲ್ಲಿ ನಿಧಾನ ಏರಿಸಿ, ಅರ್ಧ ಗಂಟೆ ಅಲ್ಲೇ ಹಿಡಿದು, ಪಾತ್ರೆಯಲ್ಲೇ ಆರಲು ಬಿಡಿ. ನೀರು ತಿಳಿಯಾದರೆ ನೂಲು ಬಣ್ಣವನ್ನೆಲ್ಲ ಹೀರಿತೆಂದು ಅರ್ಥ, ಆಗದಿದ್ದರೆ ಇನ್ನಷ್ಟು ವಿನೆಗರ್ ಹಾಕಿ. ಬಿಸಿ ಲಡಿಯನ್ನು ತಣ್ಣೀರಿಗೆ ಹಾಕಿದರೆ ಉಣ್ಣೆ ಗಂಟುಕಟ್ಟಿ ಕಂಬಳಿಯಾಗುತ್ತದೆ. ರೇಷ್ಮೆಗೆ 85 ದಾಟಿಸಬೇಡಿ, ಹೊಳಪು ಕುಂದುತ್ತದೆ. ಈ ಪಾತ್ರೆಗಳು ಅಡುಗೆಮನೆಗೆ ಮತ್ತೆ ಹೋಗಬಾರದು.

ನೀರಿನ ಮಾತೂ ಇದೆ. ಬೋರ್‌ವೆಲ್ ನೀರು ಗಡುಸಾಗಿದ್ದರೆ ವಿನೆಗರನ್ನು ಅದು ತಿಂದುಹಾಕುತ್ತದೆ, ಕಬ್ಬಿಣದ ಅಂಶವಿದ್ದರೆ ಗಿಡಮೂಲಿಕೆಯ ಬಣ್ಣಗಳು ಮಂಕಾಗುತ್ತವೆ. ಸೋಪು ನೊರೆ ಬಾರದ ನೀರಾದರೆ ಹಿಡಿದಿಟ್ಟ ಮಳೆನೀರು ಬಳಸಿ.

ಗಿಡಮೂಲಿಕೆ ಬಣ್ಣಕ್ಕೆ ಬೇಕಾದ ಮಂಜಿಷ್ಠ, ಅಳಲೆಕಾಯಿ, ಪಟಿಕ ಮೂರೂ ಮೈಸೂರಿನ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುತ್ತವೆ. 100 ಗ್ರಾಂ ಉಣ್ಣೆಗೆ 15 ಗ್ರಾಂ ಪಟಿಕದಲ್ಲಿ ಮೊದಲು ಕುದಿಸದೆ ಕಾಯಿಸಿ, ಆಮೇಲೆ ಬಣ್ಣ. ಮಂಜಿಷ್ಠದ ಕೇಸರಿಗೆಂಪು ಏರಿಯ ಮಣ್ಣಿಗೆ ಹೇಳಿ ಮಾಡಿಸಿದಂತಿರುತ್ತದೆ. ಅರಿಶಿನ ಮಾತ್ರ ಬೇಡವೇ ಬೇಡ, ಬೆಳಕಿಗೆ ಬೇಗ ಹಾರಿಹೋಗುತ್ತದೆ. ನೀಲಿಯ ಮೇಲೆ ಅರಿಶಿನ ಹಾಕಿ ಗದ್ದೆಯ ಹಸಿರು ಮಾಡಿದರೆ ಹಳದಿ ಹೋಗಿ ನೀಲಿ ಗದ್ದೆ ಉಳಿಯುತ್ತದೆ. ಯುರೋಪಿನ ಹಳೆಯ ಟ್ಯಾಪೆಸ್ಟ್ರಿಗಳಲ್ಲಿ ಮರದೆಲೆಗಳು ನೀಲಿಯಾಗಿ ಕಾಣುವುದಕ್ಕೂ ಇದೇ ಕಾರಣ, ಅಲ್ಲಿ ಹಾರಿದ್ದು ಬೇರೊಂದು ಗಿಡದ ಹಳದಿ. ಯಾವ ಬಣ್ಣವನ್ನಾದರೂ ನಂಬುವ ಮೊದಲು ರಟ್ಟಿಗೆ ಸುತ್ತಿ, ಅರ್ಧ ಮುಚ್ಚಿ, ಪಡುವಣ ಕಿಟಕಿಯಲ್ಲಿ ಆರು ವಾರ ಇಟ್ಟು ನೋಡಿ.

ಮಗ್ಗ

ಮೇಲುಕೋಟೆ, ಕೊಡಿಯಾಲದ ಕೈಮಗ್ಗಗಳನ್ನು ಕಂಡವರಿಗೆ ಅದರಲ್ಲೇ ನೇಯಬಹುದಲ್ಲ ಎನಿಸಬಹುದು. ಪಂಚೆ, ಸೀರೆಗೆ ಹೂಡಿದ ಆ ಮಗ್ಗದಲ್ಲಿ ಹಾಸು ಒತ್ತಾಗಿರುತ್ತದೆ, ಹೊಕ್ಕು ಅದನ್ನು ಮುಚ್ಚಲಾರದು. ನಮಗೆ ಬೇಕಾದ ನೇಯ್ಗೆಗೆ ಹತ್ತಿರದ ನಂಟು ನವಲಗುಂದದ ಜಮಖಾನೆ. ಹಾಸು ಮುಚ್ಚುವ ಆ ನೇಯ್ಗೆಯನ್ನು ಅಲ್ಲಿ ಹೆಂಗಸರು ನಿಂತ ಮಗ್ಗದಲ್ಲಿ ನೇಯುತ್ತಾರೆ.

ಮೊದಲ ಕೃತಿಗೆ 75×100 ಸೆಂ.ಮೀ. ಗಟ್ಟಿಮರದ ಚೌಕಟ್ಟು ಸಾಕು. ಮೊಳೆ ಹೊಡೆದ ಚೌಕಟ್ಟಿನಲ್ಲಿ ನೇಯುತ್ತ ಹೋದಂತೆ ಹಾಸು ಬಿಗಿಯಾಗುತ್ತದೆ, ಕೊನೆಯ ಐದು ಸೆಂ.ಮೀ. ನೇಯಲು ಬೆರಳು ನೋಯುತ್ತದೆ. ಮೇಲ್ಗಡೆ ಒಂದು ಕೋಲು ಸಿಕ್ಕಿಸಿ ಅದರ ಮೇಲಿಂದ ಹಾಸು ಹಾಕಿ, ಬಿಗಿಯಾದಾಗ ಕೋಲು ತೆಗೆದರೆ ಸಡಿಲ ಸಿಗುತ್ತದೆ. ತಿರುಪಿನಿಂದ ಬಿಗಿ ಹೊಂದಿಸುವ ಕಬ್ಬಿಣದ ಪೈಪಿನ ಮಗ್ಗಕ್ಕೆ ಖರ್ಚು ಹೆಚ್ಚು, ಒಂದು ಮೀಟರಿಗಿಂತ ದೊಡ್ಡ ತುಂಡಿಗೆ ಅದೇ ಬೇಕು.

ಅಂಚುಗಳು ಒಳಕ್ಕೆ ಸೆಳೆದುಕೊಂಡು 45 ಸೆಂ.ಮೀ. 42 ಆಗುವುದು ಎಲ್ಲರಿಗೂ ಆಗುವ ಕಾಟ. ಹೊಕ್ಕನ್ನು ನೇರ ಎಳೆದದ್ದೇ ಕಾರಣ. ಪ್ರತಿ ಹೊಕ್ಕನ್ನೂ ಕಮಾನಾಗಿ ಬಿಟ್ಟು, ಆ ಕಮಾನನ್ನು ನಾಲ್ಕೈದು ಸೆಂ.ಮೀ.ಗೊಂದರಂತೆ ಸಣ್ಣ ಗುಡ್ಡಗಳಾಗಿ ಒತ್ತಿ, ಆಮೇಲೆ ಪಂಜಾದಿಂದ (ಹೊಕ್ಕು ಬಡಿಯುವ ಹಲ್ಲಿನ ಬಾಚಣಿಗೆಯಿಂದ) ಬಡಿಯಿರಿ. ಹಾಸಿನ ಬಿಳಿ ಚುಕ್ಕೆ ಕಂಡರೆ ಸಡಿಲ ಸಾಲದು, ಹೊಕ್ಕು ಕುಣಿಕೆಯಾಗಿ ಹೊರಗೆದ್ದರೆ ಹೆಚ್ಚಾಯಿತು. ಐದು ಸೆಂ.ಮೀ.ಗೊಮ್ಮೆ ಅಗಲ ಅಳೆಯಿರಿ, ಅರ್ಧ ಸೆಂ.ಮೀ. ಕಡಿಮೆಯಾದ ಕೂಡಲೇ ಬಿಚ್ಚಿ. ಮುಂದೆ ಸರಿಹೋಗುತ್ತದೆಂದು ಬಿಟ್ಟರೆ ಸರಿಹೋಗುವುದಿಲ್ಲ.

ಯಾರಿಗೆ ಯಾವುದು

ಮೊದಲ ಸಲ ನೇಯುವವರು ನಾಲೆಯನ್ನು ಅಡ್ಡ ಹರಿಯಬಿಟ್ಟು, ನೆಟ್ಟಗೆ ನೇಯ್ದು, ನೀರಿಗೆ ಹಲ್ಲು, ಗದ್ದೆಗೆ ಎಳೆ ಬೆರೆಕೆ, ಏರಿಗೆ 18 ಡಿಗ್ರಿಯ ಮೆಟ್ಟಿಲು ಎಂದು ಹಂಚಿಕೊಳ್ಳಲಿ. ಉಣ್ಣೆ ಮಾತ್ರ. ಚಿತ್ರಕಲೆ ಕಲಿತು ಬಂದವರಿಗೆ ಬಣ್ಣದ ಮೇಲೆ ಹಿಡಿತ ಇರುತ್ತದೆ, ಅಂಚಿನ ಮೇಲೆ ಇರುವುದಿಲ್ಲ. ಅವರು ಬಿಳಿ, ಬೂದಿ, ಕಪ್ಪು ಮೂರರಲ್ಲೇ ಒಂದು ತುಂಡು ನೇಯುವುದು ಒಳ್ಳೆಯದು, ಕಂಬಳಿ ನೂಲಿನ ಸಹಜ ಬಣ್ಣಗಳೇ ಅದಕ್ಕೆ ಸಾಕು. ಕೈಮಗ್ಗದ ಮನೆಯಿಂದ ಬಂದವರಿಗೆ ಕೈಯ ಬಿಗಿ ಮೊದಲೇ ಗೊತ್ತು. ಅವರು ಒಂದಕ್ಕೊಂದು ಹೊಕ್ಕಿನಿಂದಲೂ ರೇಷ್ಮೆಯ ಬೆರೆಕೆಯಿಂದಲೂ ಶುರುಮಾಡಬಹುದು.

ಮುಗಿದ ತುಂಡನ್ನು ಮೇಲಂಚಿಗೆ ಹೊಲಿದ ವೆಲ್ಕ್ರೋ ಪಟ್ಟಿಯಿಂದ ಮರದ ಪಟ್ಟಿಗೆ ತೂಗುಹಾಕಿ. ಮಳೆ ಹೊಡೆಯುವ ಹೊರಗೋಡೆಯಾದರೆ ಗೋಡೆಗೂ ನೇಯ್ಗೆಗೂ 2 ಸೆಂ.ಮೀ. ಗಾಳಿ ಆಡಲಿ. ಮಳೆಗಾಲ ಕಳೆದ ಮೇಲೆ ಇಳಿಸಿ ಹಿಂಬದಿ ನೋಡಿ. ನುಸಿಯ ಗೂಡು, ಮರಳಿನಂಥ ಹಿಕ್ಕೆ ಕಂಡರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಕೂಡಲೇ ಚೀಲ ಬಿಚ್ಚಬಾರದು, ಹೊರಗಿನ ತೇವ ಉಣ್ಣೆಯ ಮೇಲೆ ಕೂರುತ್ತದೆ. ಒಂದು ದಿನ ಹಾಗೇ ಬಿಟ್ಟು, ಆಮೇಲೆ ಬಿಚ್ಚಿ ಮೆತ್ತನೆ ಬ್ರಷ್ಷಿನಿಂದ ಝಾಡಿಸಿ.